ಕರಿನಾಲಿಗೆಯ ವರ

ಹೆಣ್ಣು ನೋಡಲು ಹೊರಟವನು ಮೊದಲು ತನ್ನ ಹೊಟ್ಟೆಯನ್ನು ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳಬೇಕು. ಈ ವಿಷಯದಲ್ಲಿ ಬೀದರಿನ ಮೈಲೂರಿನಲ್ಲಿ ಏಕನಾಥನಾದ ನನ್ನಷ್ಟು ತಯಾರಿ ಮಾಡಿಕೊಂಡ ವರ ಇನ್ನೊಬ್ಬನಿಲ್ಲ! ಹಿಂದಿನ ದಿನ ತಿಂದ ಕಡಲೆಹಿಟ್ಟಿನ ಝುಣಕ ಒಳಗೆ ಹಲಗೆ ಬಾರಿಸುತ್ತಿತ್ತು. ಔಷಧಿ ಅಂಗಡಿಯ ಹಬೀಬ ಚಾಚಾ ಗ್ಯಾಸಿಗೆ ಇದ್ದಿಲಿನ ಗೋಳಿ ಕೊಟ್ಟರು.

"ನೀರಿನ ಜೋಡಿ ನುಂಗು, ಅಗೀಬ್ಯಾಡ. ಬ್ಯಾರೆ ಗೋಳಿ ಜೋಡಿನೂ ತಗೋಬ್ಯಾಡ, ಇದು ಅದನ್ನೂ ಹೀರ್ಕೋತದ."

"ಚಾಚಾ, ನಾ ಡಿಗ್ರಿ ಮುಗಿಸೀನಿ," ಅಂದೆ.

ಔರಾದ ಬಸ್ಸಿನಲ್ಲಿ ಹಲಗೆ ಜೋರಾಯಿತು. ಬರಗಾಲದ ಬಿಸಿಲು, ಬಾಟಲಿಯ ನೀರು ಬೀದರ ದಾಟುವ ಮೊದಲೇ ಖಾಲಿ. ಪಕ್ಕದಲ್ಲಿ ಗೋರಖನಾಥ ಮಾಮಾ ಹೆಸರಿಗೆ ತಕ್ಕಂತೆ ಗೊರಕೆ ಹೊಡೆಯುತ್ತಿದ್ದರು. ಅಗಿದರೆ ಬೇಗ ಕೆಲಸ ಮಾಡುತ್ತದೆಂದು ನನ್ನ ಡಿಗ್ರಿ ಹೇಳಿತು. ಗೋಳಿಗಳನ್ನು ಪುಠಾಣಿಯಂತೆ ಕುಟುಕುಟು ಅಗಿದೆ.

ಚಿಂತಾಕಿಯಲ್ಲಿದ್ದ ಹುಡುಗಿಯ ಮನೆಯವರು ಮರುದಿನ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಡುವವರಿದ್ದರು. ಇವತ್ತು ಹೂಂ ಅಂದರೆ ಉಂಟು, ಇಲ್ಲವಾದರೆ ಚಂದ್ರಭಾಗಾಳ ದಾರಿ ಬೇರೆ, ನನ್ನ ದಾರಿ ಬೇರೆ. ನಾನೋ, ಫೋಟೋ ನೋಡಿಯೇ ಅರ್ಧ ಅಳಿಯನಾಗಿದ್ದೆ.

ನಾವು ಹೋಗಿ ಕೂತೊಡನೆ ಅವಳ ಅಜ್ಜಿ ಸಖುಬಾಯಿ ಕೇಳಿದರು: "ತಮ್ಮಾ, ಈ ಸಲ ಮಳಿ ಹ್ಯಾಂಗಂತ?"

"ಎಲ್ಲೀ ಮಳಿ ಆಯಿ, ಈ ವರ್ಷನೂ ಒಣಾ ಒಣಾ," ಎಂದು ವಿದ್ವತ್ತು ತೋರಿಸಿ ಬಾಯ್ತುಂಬ ನಕ್ಕೆ.

ಅಜ್ಜಿ ಚಹಾದ ಬಸಿ ಕೆಳಗಿಟ್ಟರು.

"ಹಣಮಂತಾ, ಇವನ ನಾಲಗಿ ನೋಡು. ಕರಿನಾಲಗಿ. ಆಡಿದ ಮಾತ ಖರೇನೇ ಆಗ್ತದ."

ಹುಡುಗಿಯ ತಂದೆ ಹಣಮಂತಪ್ಪ ಬಗ್ಗಿ ನನ್ನ ಬಾಯೊಳಗೆ ಇಣುಕಿದರು. "ಹೌದಲ್ಲವ್ವ. ಇಂಥವಗ ಹೆಣ್ಣ ಕೊಟ್ರ, ಸಿಟ್ಟಿನ್ಯಾಗ ಒಂದ ಮಾತ ಅಂದ್ರ ಮುಗೀತು."

ಕರಿನಾಲಿಗೆಯವನೆನಿಸಿಕೊಂಡು ಎದ್ದು ಹೋಗಬೇಕು, ಇಲ್ಲವೇ ಒಳಗಿದ್ದ ಕನ್ಯೆಗೆ ಕೇಳುವಂತೆಯೇ ಗ್ಯಾಸಿನವನೆಂದು ಒಪ್ಪಿಕೊಳ್ಳಬೇಕು. ಮಾಮಾ ನನ್ನ ಕಾಲು ತುಳಿದರು.

"ಸುಮ್ನಿರು ಏಕ್ಯಾ, ಮಾನ ಹೋಗ್ತದ."

ಮಾನ ಹೋದರೂ ಹುಡುಗಿ ಉಳಿಯಲಿ! "ಹೊಟ್ಟ್ಯಾಗ ಗ್ಯಾಸ್ ಅದರಿ. ಇದ್ದಿಲಿನ ಗೋಳಿ ಅಗದೀನಿ. ಅದಕ್ಕೇ ನಾಲಗಿ ಕರಿ ಆಗೇದ."

ಅಡುಗೆಮನೆಯಿಂದ ಕಿಸಕ್ಕನೆ ನಗು ಬಂತು. ಹಣಮಂತಪ್ಪ ಕೈ ಚಾಚಿದರು. "ಹಂಗಿದ್ರ ನನಗೂ ಒಂದ ಕೊಡ್ರಿ. ಬಿ.ಪಿ. ಗೋಳಿ ಜೋಡಿ ನುಂಗ್ತೇನಿ."

"ಜೋಡಿ ಬ್ಯಾಡ್ರಿ ಮಾವಾರ. ಇದು ಬಿ.ಪಿ. ಗೋಳಿನೂ ಹೀರ್ಕೋತದ. ಡಾಕ್ಟರಿಗಿ ಕೇಳಿ ತಗೋರಿ."

'ಮಾವಾರ' ಅಂದುಬಿಟ್ಟೆನೆಂದು ಹೊಳೆದದ್ದು ಆಮೇಲೆ. ಅವರು ತಿದ್ದಲಿಲ್ಲ.

ಅಜ್ಜಿ ಮಾತ್ರ ಬಿಡಲೊಲ್ಲರು. "ಗೋಳೀದರ ಇರಲಿ, ದೇವರದರ ಇರಲಿ. ಬಾಯಿ ತೊಳಕೊಳ್ಳೂಕಿಂತ ಮೊದಲ 'ಮಳಿ ಬರ್ತದ' ಅನ್ನು."

ಓಣಿಗೆಲ್ಲ ಕೇಳುವಂತೆ ಅಂದೆ.

"ನನ್ನ ಕಡಿಂದ ಹೂಂ," ಎಂದರು ಅಜ್ಜಿ. "ಇನ್ನ ಹುಡುಗಿಗಿ ಕೇಳ್ರಿ."

ಬಾಯಿ ತೊಳೆಯಲು ಚಂದ್ರಭಾಗಾ ತಂಬಿಗೆ ನೀರು ತಂದಳು. ಟ್ಯಾಂಕರಿಗೆ ಪಾಳಿ ಹಚ್ಚಿ ತಂದ ನೀರು. ಅದನ್ನು ನನ್ನ ನಾಲಿಗೆಗೆ ಸುರಿಯುವುದೇ ಒಪ್ಪಿಗೆಯೆಂದು ಎದೆಯುಬ್ಬಿಸಿದೆ. ಅವಳು ಮೆಲ್ಲಗೆ ಹೇಳಿದಳು: "ನಾಳಿ ಮುಂಜಾನಿ ತಂಬಿಗಿ ಹಿಡ್ಕೊಂಡು ಬೈಲಿಗಿ ಹೋದಾಗ ಅಂಜಬ್ಯಾಡ್ರಿ. ಅದೂ ಕರೀದೇ ಇರ್ತದ."

"ನಿಮಗ ಹ್ಯಾಂಗ ಗೊತ್ತು?"

"ನಾನೂ ಅದೇ ಗೋಳಿ ತಗೋತೇನ್ರಿ. ಲಗ್ನ ಆದಮ್ಯಾಲ ನಿಮಗ ನುಂಗಾದು ಕಲಸ್ತೇನಿ."