ಮಹಾರಾಜರ ಕುರ್ಚಿ ಒತ್ತಿದ ಕೈ

“ಇವತ್ತು ಆಕಾಶವೇ ಕಳಚಿ ಬೀಳಲಿ, ನಾನು ಬಾಯಿ ಬಿಡೋನಲ್ಲ!” ಎಂದು ಘೋಷಿಸಿಯೇ ಸೋಫಾ ಮೇಸ್ತ್ರಿ ಅರಮನೆಯ ಹೊಸ್ತಿಲು ದಾಟಿದ.

“ನೋಡೋಣ,” ಎಂದಳು ಹೆಂಡತಿ. “ಸರ್ಕಸ್ಸಿಗೆ ಹೋದ್ರೆ ಗೇಟಲ್ಲೇ ಜಗಳ. ತಂಗಿ ಮದುವೇಲಿ ಫೋಟೋದವನ ಜೊತೆ ಕುಸ್ತಿ. ಈ ಅರಮನೆ ಕನ್ನಡಿ ಕೋಣೆ ನೋಡ್ಬೇಕು ಅಂತ ಮದುವೆ ಆದಾಗಿನಿಂದ ಕಾಯ್ತಿದೀನಿ. ಇವತ್ತೂ ಕೂಗಾಡಿ ಅರ್ಧಕ್ಕೇ ಆಚೆ ಹಾಕಿಸಿಕೊಂಡ್ರೆ, ಇನ್ಮೇಲೆ ನಿಮ್ಮ ಜೊತೆ ತರಕಾರಿ ಅಂಗಡಿಗೂ ಬರಲ್ಲ!”

ಒಳಗೆ ಹೋದರೆ ಲೋಕವೇ ಬೇರೆ. ಎತ್ತರದ ಕಿಟಕಿಗಳಿಂದ ಬಿಸಿಲು ಹಾಲಿನಂತೆ ಇಳಿದು ನೆಲದ ಮೇಲೆ ಹರಿಯುತ್ತಿತ್ತು. ಚಿತ್ರದೊಳಗಿನ ರಾಣಿಯರು ಈಗಷ್ಟೇ ಮಾತು ನಿಲ್ಲಿಸಿದವರಂತೆ ನೋಡುತ್ತಿದ್ದರು. ಮೇಸ್ತ್ರಿಗೆ ಕಾಲು ನೆಲದ ಮೇಲಿದೆಯೋ ಇಲ್ಲವೋ ತಿಳಿಯದಾಯಿತು. ಆ ಮಂಪರಿನಲ್ಲೇ ಕಂಡಿತು, ಕೆಂಪು ಹಗ್ಗದಾಚೆ, ಮಹಾರಾಜರ ಮಖಮಲ್ಲಿನ ಕುರ್ಚಿ. ಸೀಟು ಎಡಕ್ಕೆ ಕುಸಿದಿತ್ತು!

ಕಂಡ ಕುರ್ಚಿಯನ್ನೆಲ್ಲ ಅಂಗೈಯಿಂದ ಒತ್ತಿ ನೋಡುವುದು ಅವನ ಕಸುಬು ಕಲಿಸಿದ ಚಟ. ಡಾಕ್ಟರ ಮನೆಯಾದರೂ ಸರಿ, ಬೀಗರ ಮನೆಯಾದರೂ ಸರಿ. ಕೈ ತಾನಾಗಿಯೇ ಹಗ್ಗ ದಾಟಿತು. ಒತ್ತಿತು.

ಕಿರ್‍ರ್‍ರ್! ಕಾವಲಿನ ಎಚ್ಚರಿಕೆ ಗಂಟೆ, ಸತ್ತ ರಾಜರನ್ನೂ ಎಬ್ಬಿಸುವಂತೆ ಕಿರುಚಿತು. ಕಾವಲುಗಾರ ಓಡಿ ಬಂದ. “ಏನ್ರೀ! ಬೋರ್ಡು ಕಾಣಲ್ವಾ? ನಿಮ್ಮಪ್ಪನ ಮನೆ ಕುರ್ಚಿನಾ?”

ಮೇಸ್ತ್ರಿಯ ಕಿವಿ ಕೆಂಪಾಯಿತು, ಮೀಸೆ ನಡುಗಿತು, ಬಾಯಿ ತೆರೆಯಿತು... ಅಷ್ಟರಲ್ಲಿ ಹೆಂಡತಿ ನಡುವೆ ನುಗ್ಗಿದಳು. “ಬಯ್ಬೇಡಿ ಅಣ್ಣಾ. ಪಾಪ, ಅವರಿಗೆ ಮಾತು ಬರಲ್ಲ!”

ತೆರೆದ ಬಾಯಿ ತೆರೆದೇ ಉಳಿಯಿತು.

ಕಾವಲುಗಾರ ಕರಗಿ ನೀರಾದ. “ಛೆ! ಮೊದಲೇ ಹೇಳಬಾರದಾ ತಾಯಿ? ಬನ್ನಿ, ಎಲ್ಲಾ ನಾನೇ ತೋರಿಸ್ತೀನಿ.” ಬೀಗ ಹಾಕಿದ ಕೋಣೆಗಳನ್ನೂ ತೆರೆದು ತೋರಿಸಿದ. “ಈ ಸೋಫಾ ಒಳಗೆ ಬರೀ ನವಿಲುಗರಿ ತುಂಬಿದಾರೆ,” ಎಂದ. ‘ಕುದುರೆ ಕೂದಲು ಕಣಯ್ಯಾ!’ ಎಂಬ ಕೂಗು ಮೇಸ್ತ್ರಿಯ ಗಂಟಲಲ್ಲೇ ಪ್ರಾಣ ಬಿಟ್ಟಿತು.

ಕಡೆಗೆ ಕನ್ನಡಿ ಕೋಣೆ. ನಾಲ್ಕೂ ಗೋಡೆಗಳಲ್ಲಿ, ಒಂದರೊಳಗೊಂದು, ದೂರದೂರದವರೆಗೂ ಅವನ ಹೆಂಡತಿಯೇ ನಗುತ್ತ ನಿಂತಿದ್ದಳು. ಆ ನಗು ನೋಡಿ ಎಷ್ಟು ಕಾಲವಾಗಿತ್ತೋ! ಈ ಸಲ ಮೇಸ್ತ್ರಿಗೆ ನಿಜಕ್ಕೂ ಮಾತು ಬರಲಿಲ್ಲ.

ಗೇಟು ದಾಟಿದ್ದೇ ತಡ, ಸಿಡಿದ. “ನಾನು ಮೂಗನೇನೇ?”

“ಬಯ್ಯಿರಿ, ಬಯ್ಯಿರಿ,” ಎಂದಳು, ಇನ್ನೂ ಕನ್ನಡಿಯೊಳಗೇ ಇದ್ದವಳಂತೆ. “ಆದ್ರೆ ಇವತ್ತು ಮಹಾರಾಜರ ಜೊತೆ ಓಡಾಡಿದ ಹಾಗಿತ್ತು ಕಣ್ರೀ.”

ಬಸ್ಸು ಬಂತು. “ಎಷ್ಟು ಟಿಕೆಟ್ರೀ? ಬಾಯಿಗೇನು ಬೀಗ ಹಾಕಿದೀರಾ?” ಎಂದು ಕಂಡಕ್ಟರ್ ಗದರಿದ.

ಮೇಸ್ತ್ರಿ ಹೆಂಡತಿಯ ಮುಖ ನೋಡಿದ. ಮೀಸೆ ನಡುಗಿತು. ಆಮೇಲೆ, ಮಹಾರಾಜರ ಗತ್ತಿನಲ್ಲಿ, ಸುಮ್ಮನೆ ಎರಡು ಬೆರಳು ಎತ್ತಿದ.