ಮೂರು ಹಾರ್ನಿನ ಭಾವ

ನಮ್ಮ ಭಾವನಿಗೆ ದಾರಿ ಗೊತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ದಾರಿ ಅವರಿಗೆ ಚೆನ್ನಾಗಿಯೇ ಗೊತ್ತು. ಗೊತ್ತಿದ್ದೂ ಅದರಲ್ಲಿ ಹೋಗುವುದಿಲ್ಲ, ಅಷ್ಟೇ!

ಭಾವ ಎಂದರೆ ನನ್ನ ಅಕ್ಕನ ಗಂಡ. ಇಪ್ಪತ್ತು ವರ್ಷ ಗಲ್ಫಿನಲ್ಲಿ ಲಾರಿ ಓಡಿಸಿ ಊರಿಗೆ ಮರಳಿ, ಒಂದು ಪಿಕಪ್ ತೆಗೆದುಕೊಂಡು ಮೆಲ್ಕಾರಿನಲ್ಲಿ ಬಾಡಿಗೆಗೆ ಓಡಿಸುತ್ತಾರೆ. ಮರುಭೂಮಿಯ ನೆಟ್ಟಗಿನ ರಸ್ತೆಗಳಲ್ಲಿ ಅಷ್ಟು ವರ್ಷ ಕಳೆದ ಸಿಟ್ಟೋ ಏನೋ, ಇಲ್ಲಿ ಒಂದು ತಿರುವು ಕಂಡರೆ ಸಾಕು, ಸ್ಟೇರಿಂಗ್ ತಾನಾಗಿ ತಿರುಗುತ್ತದೆ. ಆ ತಿರುವಿನ ಕೊನೆಯಲ್ಲಿ ಯಾರೋ ಒಬ್ಬ ಹಳೆಯ ಗೆಳೆಯನ ಮನೆ ಇದ್ದೇ ಇರುತ್ತದೆ. ಹೋಗುತ್ತೇನೆಂದು ಮೊದಲೇ ಹೇಳುವ ಪದ್ಧತಿ ಇಲ್ಲ. ಗೇಟಿನ ಹತ್ತಿರ ಮೂರು ಸಲ ಉದ್ದಕ್ಕೆ ಹಾರ್ನ್ ಒತ್ತುವುದು, ಕಿಟಕಿಯಿಂದ ತಲೆ ಹೊರಗೆ ಹಾಕಿ "ಇದ್ದೇನೆ ಮಾರಾಯ್ರೆ, ಇದ್ದೇನೆ!" ಎಂದು ಬೊಬ್ಬೆ ಹೊಡೆಯುವುದು. ಇವರು ಇಲ್ಲ ಎಂದು ಯಾರಾದರೂ ಹೇಳಿದ್ದರೇ?

ಒಮ್ಮೆ ಕನ್ಯಾನದ ಒಬ್ಬ ಗೆಳೆಯನ ಮನೆಗೆ ಹೀಗೆಯೇ ಹೇಳದೆ ಹೋದರು. ಮನೆಮಂದಿಯೆಲ್ಲ ಮಂಗಳೂರಿಗೆ ಮದುವೆಗೆ ಹೋಗಿದ್ದರು. ಬೇರೆಯವರಾದರೆ ಹಿಂದೆ ಬರುತ್ತಿದ್ದರು. ಇವರು ಜಗಲಿಯಲ್ಲಿ ಎರಡು ಗಂಟೆ ಕುಳಿತು, ಮಳೆ ಬಂದಾಗ ಒಣಗಲು ಹಾಕಿದ್ದ ಬಟ್ಟೆಯನ್ನೆಲ್ಲ ಜಗಲಿಗೆ ತಂದು, ನೀಟಾಗಿ ಮಡಚಿಟ್ಟು, ಬಹಳ ಸಂತೋಷದಿಂದ ಮನೆಗೆ ಬಂದರು.

"ಒಳ್ಳೆ ಮಾತುಕತೆ ಆಯ್ತು" ಎಂದರು.

"ಯಾರೊಟ್ಟಿಗೆ ಭಾವ?"

"ಅವರ ನಾಯಿಯೊಟ್ಟಿಗೆ."

ಹೋಗುವ ಮೊದಲು ಒಂದು ಫೋನ್ ಮಾಡಿದರೆ ಗಂಟೇನು ಹೋಗುತ್ತದೆ? ಭಾವನ ಹತ್ತಿರ ಫೋನ್ ಇಲ್ಲ ಎಂದುಕೊಳ್ಳಬೇಡಿ. ಗುಂಡಿ ಒತ್ತುವ ಹಳೆಯ ಫೋನೊಂದು ಇದೆ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ, ಪಿಕಪ್ಪಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಆಫ್ ಮಾಡಿ ಇಟ್ಟಿರುತ್ತಾರೆ. ಬಾಡಿಗೆಯ ಗಿರಾಕಿಗಳು ಅಕ್ಕನಿಗೆ ಫೋನ್ ಮಾಡಬೇಕು. "ಮತ್ತೆ ಇದನ್ನು ಇಟ್ಟುಕೊಂಡದ್ದು ಯಾಕೆ?" ಎಂದು ಕೇಳಿದರೆ "ಅದರಲ್ಲಿ ಟಾರ್ಚ್ ಉಂಟಲ್ಲ!" ಎನ್ನುತ್ತಾರೆ.

ಇಂಥವರ ಪಿಕಪ್ಪಿನಲ್ಲಿ ನನ್ನ ಯಂತ್ರವನ್ನು ಪ್ರದರ್ಶನಕ್ಕೆ ಒಯ್ಯಲು ಹೊರಟ ನನ್ನ ಬುದ್ಧಿಗೆ ಏನು ಹೇಳಬೇಕು?

ಯಂತ್ರದ ವಿಷಯ ಹೇಳಿಬಿಡುತ್ತೇನೆ. ಮೆಲ್ಕಾರಿನಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್. ಮೂರು ವರ್ಷ ತಲೆ ಕೆಡಿಸಿಕೊಂಡು ಮೋಟರಿನ ಶಾವಿಗೆ ಯಂತ್ರವೊಂದನ್ನು ಮಾಡಿದ್ದೆ. ನಮ್ಮ ಕಡೆಯ ಶಾವಿಗೆ ಮಣೆಯಲ್ಲಿ ಬಿಸಿ ಅಕ್ಕಿ ಉಂಡೆ ಒತ್ತಲು ಒಬ್ಬ ಗಟ್ಟಿಮುಟ್ಟಾದ ಆಳು ಬೇಕು, ಮಣೆ ಅಲುಗಾಡದಂತೆ ಹಿಡಿಯಲು ಇನ್ನೊಬ್ಬ ಬೇಕು. ನನ್ನ ಯಂತ್ರಕ್ಕೆ ಒಂದು ಬೆರಳು ಸಾಕು. ಮೂಡುಬಿದಿರೆಯ ಒಂದು ಸಭಾಂಗಣದಲ್ಲಿ ಅಡುಗೆ ಯಂತ್ರಗಳ ಎರಡು ದಿನದ ಪ್ರದರ್ಶನವಿತ್ತು. ಹತ್ತು ಗಂಟೆಯ ಒಳಗೆ ಬಾರದವರ ಸ್ಟಾಲ್ ಬೇರೆಯವರಿಗೆ ಎಂದು ಸ್ಪಷ್ಟವಾಗಿ ಬರೆದಿದ್ದರು. ಮಂಗಳೂರಿನ ದೊಡ್ಡ ಕ್ಯಾಟರಿಂಗ್‌ನವರೊಬ್ಬರು ಹತ್ತೂವರೆಗೆ ಬಂದು ನೋಡುತ್ತೇನೆ, ಸರಿ ಕಂಡರೆ ಹನ್ನೆರಡು ಯಂತ್ರ ಒಟ್ಟಿಗೆ ತೆಗೆದುಕೊಳ್ಳುತ್ತೇನೆ ಎಂದಿದ್ದರು. ಆ ಹನ್ನೆರಡಕ್ಕಾಗಿ ನಾನು ಒಂದು ವಾರ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಮೆಲ್ಕಾರಿನಿಂದ ಬೆಳಿಗ್ಗೆ ಐದೂವರೆಗೆ ಹೊರಟೆವು. ಪ್ರದರ್ಶನದಲ್ಲಿ ಒತ್ತಿ ತೋರಿಸಲೆಂದು ಅಕ್ಕ ನಾಲ್ಕು ಗಂಟೆಗೆ ಎದ್ದು, ನಲವತ್ತು ಅಕ್ಕಿ ಉಂಡೆ ಬೇಯಿಸಿ ಹಾಟ್‌ಬಾಕ್ಸಿನಲ್ಲಿ ತುಂಬಿಸಿ ಕೊಟ್ಟಿದ್ದಳು. ಬಂಟ್ವಾಳದಲ್ಲಿ ಎಡಕ್ಕೆ ತಿರುಗಿದರೆ ಸಿದ್ದಕಟ್ಟೆಯ ಮೇಲಾಗಿ ಒಂದು ಗಂಟೆಯಲ್ಲಿ ಮೂಡುಬಿದಿರೆ. ಎಡದ ತಿರುವು ಬಂತು. ಜೀವನದಲ್ಲಿ ಮೊದಲ ಬಾರಿಗೆ ಭಾವ ಒಂದು ತಿರುವನ್ನು ಬಿಟ್ಟು ನೇರ ಹೋದರು!

"ಭಾವ, ದಾರಿ ಅಲ್ಲಿ!"

"ಗೊತ್ತುಂಟು ಮಾರಾಯ. ಬೆಳ್ತಂಗಡಿಗೆ ಹೋಗಿ ವೇಣೂರಿನಿಂದಾಗಿ ಹೋಗುವ. ಪುಂಜಾಲಕಟ್ಟೆಯಲ್ಲಿ ಸಂಜೀವನನ್ನು ನೋಡದೆ ಆರು ತಿಂಗಳಾಯ್ತು. ಬೆಳ್ತಂಗಡಿಯಲ್ಲಿ ಲಾರೆನ್ಸ್ ಇದ್ದಾನೆ. ಹತ್ತು ಗಂಟೆಗೆ ಎಷ್ಟು ಹೊತ್ತುಂಟು!"

ಕೊಂಕಣ ಸುತ್ತಿ ಮೈಲಾರಕ್ಕೆ ಹೋಗುವುದು ಎಂದರೆ ಇದೇ. ಸಂಜೀವಣ್ಣ, ಲಾರೆನ್ಸ್, ತೋಡಾರಿನ ಹಮೀದ್ ಮತ್ತು ನಮ್ಮ ಭಾವ, ಈ ನಾಲ್ವರು ಗಲ್ಫಿನಲ್ಲಿ ಹದಿನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದವರು. ಹಮೀದ್ ಅಲ್ಲಿಯೇ ಕೆಲಸದ ಜಾಗದಲ್ಲಿ ಬಿದ್ದು ತೀರಿಕೊಂಡು ಹನ್ನೆರಡು ವರ್ಷವಾಯಿತು. ಉಳಿದ ಮೂವರೂ ಊರಿಗೆ ಬಂದರು. ಹದಿನಾಲ್ಕು ವರ್ಷ ಒಬ್ಬರ ಗೊರಕೆ ಒಬ್ಬರು ಕೇಳಿದ್ದು ಸಾಲದೆ ಹೋಯಿತೇ ಎಂದು ನಾನು ಮನಸ್ಸಿನಲ್ಲಿಯೇ ಬೈದುಕೊಂಡೆ.

ಪುಂಜಾಲಕಟ್ಟೆಯಲ್ಲಿ ಸಂಜೀವಣ್ಣನಿಗೆ ಹೋಟೆಲು. ಬೆಳಗಿನ ಹೊತ್ತು, ಬೆಂಚು ತುಂಬ ಗಿರಾಕಿಗಳು. ಮೂರು ಹಾರ್ನ್, "ಇದ್ದೇನೆ ಮಾರಾಯ್ರೆ!" ಎಲ್ಲ ಆಯಿತು. ಸಂಜೀವಣ್ಣ ಬಾಣಲೆಯಲ್ಲಿ ಬನ್ಸ್ ಬಿಟ್ಟು ಓಡಿ ಬಂದರು. ಬನ್ಸ್ ಕರಟಿತು. ಬನ್ಸಿಗೆಂದು ಕಾದವರಿಗೆ ಏನು ಕೊಡುವುದು?

"ಅದಕ್ಕೆಂತ ಚಿಂತೆ? ನಮ್ಮ ಭಾವಮೈದನ ಮಿಷನ್ ಉಂಟು!" ಎಂದರು ಭಾವ. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ನಾಲ್ಕು ಜನ ಸೇರಿ ಯಂತ್ರವನ್ನು ಇಳಿಸಿ, ಹೋಟೆಲಿನ ಮೇಜಿನ ಮೇಲಿಟ್ಟು, ಪ್ಲಗ್ ಚುಚ್ಚಿ, ಅಕ್ಕ ಕೊಟ್ಟ ಉಂಡೆಗಳಲ್ಲಿ ಹತ್ತನ್ನು ಒತ್ತಿಯೇ ಬಿಟ್ಟರು. ಶಾವಿಗೆ ಚೆನ್ನಾಗಿಯೇ ಇಳಿಯಿತು. ಒಬ್ಬ ಗಿರಾಕಿ ಕೈ ತೊಳೆದು ಬಂದು ನನ್ನನ್ನು ಕೇಳಿದ: "ನಾಳೆಯೂ ನೀವೇ ಬರ್ತೀರಾ?"

ಬೆಳ್ತಂಗಡಿಯ ಲಾರೆನ್ಸ್ ಮನೆ ತಲುಪುವಾಗ ಏಳೂಮುಕ್ಕಾಲು ದಾಟಿ ಎಂಟರ ಹತ್ತಿರವಾಗಿತ್ತು. ಲಾರೆನ್ಸ್ ಸ್ನಾನ ಮಾಡುತ್ತಿದ್ದರು. ಮೂರು ಹಾರ್ನಿಗೆ ಬಚ್ಚಲಿನ ಬಾಗಿಲು ತೆರೆದು, ತಲೆ ತುಂಬ ಸೋಪಿನ ನೊರೆ, ಸೊಂಟಕ್ಕೊಂದು ಬೈರಾಸು ಸುತ್ತಿಕೊಂಡು ಅಂಗಳಕ್ಕೇ ಬಂದು ಭಾವನನ್ನು ತಬ್ಬಿಕೊಂಡರು. ನಂತರ ಇಬ್ಬರೂ ಸ್ನಾನ ಮಾಡಬೇಕಾಯಿತು.

ನನಗೆ ತಡೆಯಲಾಗಲಿಲ್ಲ. ಲಾರೆನ್ಸ್ ಹೆಂಡತಿ ಚಹಾ ತಂದಾಗ ಹೇಳಿಯೇಬಿಟ್ಟೆ: "ಬಾಯಮ್ಮ, ಇವರಿಗೆ ಒಂದು ಫೋನ್ ಮಾಡಿ ಬರ್ಲಿಕ್ಕೆ ನೀವಾದರೂ ಹೇಳಿ."

ಅವರು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟರು. "ಬೇಡ ಮಾರಾಯ್ರೆ! ಅವರ ಫೋನ್ ಮಾತ್ರ ನಮ್ಗೆ ಬರುದು ಬೇಡ. ಅವರೇ ಬರ್ಲಿ, ಅರ್ಧ ರಾತ್ರಿಗೆ ಬೇಕಾದ್ರೂ ಬರ್ಲಿ."

ಊರೆಲ್ಲ ಒಂದೇ ಕಷಾಯ ಕುಡಿದ ಹಾಗಿದೆಯಲ್ಲ ಎಂದುಕೊಂಡು ನಾನು ಚಹಾ ಗುಟುಕರಿಸಿದೆ. ಅಲ್ಲಿಯೂ ಯಂತ್ರ ಇಳಿಯಿತು. ಅಲ್ಲಿಯೂ ಹತ್ತು ಉಂಡೆ ಹೋಯಿತು.

ವೇಣೂರಿನ ದಾರಿಯುದ್ದಕ್ಕೂ ನಾನು ಗಡಿಯಾರ ನೋಡುತ್ತಾ ಕುಳಿತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ಕಟ್ಟಿದವನು ಒಮ್ಮೆಯಾದರೂ ತನ್ನ ಭಾವನ ಗಾಡಿಯಲ್ಲಿ ಕುಳಿತಿರಲೇಬೇಕು. ಆದರೂ ದೇವರು ದೊಡ್ಡವನು, ಒಂಬತ್ತು ಮುಕ್ಕಾಲಿಗೆ ಮೂಡುಬಿದಿರೆ ಸೇರಿದೆವು. ಸಭಾಂಗಣದ ಬ್ಯಾನರು ಕಂಡಿತು, ಗೇಟು ಕಂಡಿತು, ಗೇಟಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದವರು ಕಂಡರು. ನಾನು ಸೀಟಿನಿಂದ ಅರ್ಧ ಎದ್ದೆ. ಪಿಕಪ್ ಗೇಟನ್ನು ದಾಟಿ ಮುಂದೆ ಹೋಯಿತು!

"ಭಾವಾ!"

"ತೋಡಾರಿಗೆ ಹೋಗಿ ಹಮೀದನ ತಾಯಿ, ನಮ್ಮ ಉಮ್ಮನನ್ನು ಒಂದು ಕಣ್ಣು ನೋಡಿ ಬರುವ. ಇಷ್ಟು ಹತ್ತಿರ ಬಂದು ನೋಡದೆ ಹೋದರೆ ಸರಿಯಾ? ಹತ್ತೇ ನಿಮಿಷ."

ಭಾವನ ಹತ್ತು ನಿಮಿಷ ಎಷ್ಟು ಹೊತ್ತಿನದು ಎಂದು ನನಗೆ ಗೊತ್ತಿಲ್ಲವೇ? ಇಳಿದು ಹೋಗೋಣವೆಂದರೆ ಯಂತ್ರ ಅವರ ಗಾಡಿಯಲ್ಲಿ, ಅದನ್ನು ಹೊರಲು ನಾಲ್ಕು ಜನ ಬೇಕು. ಪೇಟೆ ದಾಟಿ ಟೈರಿಗೆ ಗಾಳಿ ಹಾಕಿಸಲು ಭಾವ ಇಳಿದರು. ಆಗ ನನಗೊಂದು ಉಪಾಯ ಹೊಳೆಯಿತು. ಮನೆಯವರಿಗೆ ಮೊದಲೇ ತಿಳಿಸಿದರೆ, ಉಮ್ಮ ಹೊರಗೇ ಕುಳಿತಿದ್ದರೆ, ಭಾವ ಗಾಡಿಯಿಂದ ಇಳಿಯದೆಯೇ ಮಾತಾಡಿ ಹಿಂದಿರುಗಬಹುದು. ಚಹಾ ಇಲ್ಲ, ಉಂಡೆ ಇಲ್ಲ. ಹತ್ತೂಕಾಲಿಗಾದರೂ ಗೇಟಿನಲ್ಲಿದ್ದರೆ ಕೈಕಾಲು ಹಿಡಿದು ಒಳಗೆ ಹೋಗಬಹುದು!

ಡ್ಯಾಶ್‌ಬೋರ್ಡಿನಿಂದ ತೊಟ್ಟೆ ತೆಗೆದೆ. ಫೋನ್ ಆನ್ ಮಾಡಿದೆ. "ಹಮೀದ್ ಮನೆ" ಎಂಬ ನಂಬರು ಇತ್ತು. ಒಬ್ಬ ಹೆಂಗಸು ಎತ್ತಿದರು. ನಾನು ಆದಷ್ಟು ಮರ್ಯಾದೆಯಿಂದ, ಆಫೀಸಿನ ಕನ್ನಡದಲ್ಲಿ ಹೇಳಿದೆ:

"ನಮಸ್ಕಾರ. ನಾನು ಈ ಫೋನಿನವರ ಹೆಂಡತಿಯ ತಮ್ಮ ಮಾತಾಡ್ತಿದ್ದೇನೆ. ಒಂದು ವಿಷಯ ತಿಳಿಸ್ಲಿಕ್ಕುಂಟು. ಉಮ್ಮ ಇದ್ದಾರಾ? ಅವರನ್ನು ಸ್ವಲ್ಪ ಹೊರಗೆ ಕೂರಿಸಿ. ನಾವು ಗಾಡಿಯಲ್ಲಿ..."

ಅಷ್ಟಕ್ಕೆ ಬ್ಯಾಟರಿ ಮುಗಿಯಿತು. ಹೋಗಲಿ, ಮುಖ್ಯ ವಿಷಯ ಮುಟ್ಟಿತಲ್ಲ ಎಂದು ನಾನು ಫೋನನ್ನು ಮತ್ತೆ ತೊಟ್ಟೆಗೆ ಹಾಕಿದೆ.

ತೋಡಾರಿನ ಆ ಮನೆಯ ಮುಂದೆ ಹತ್ತಿಪ್ಪತ್ತು ಜನ ಸೇರಿದ್ದರು. ಯಾರೋ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಬಿಡಿಸುತ್ತಿದ್ದರು. ನೆರೆಮನೆಯ ಹೆಂಗಸರು ಬಾಗಿಲಿನಲ್ಲಿ ನಿಂತಿದ್ದರು. ನಡುವೆ ಸಿಟೌಟಿನ ಮೆಟ್ಟಿಲಿನಲ್ಲಿ ಒಬ್ಬರು ಮುದುಕಿ ತಲೆಯ ಮೇಲಿನ ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಕುಳಿತಿದ್ದರು. ನನಗೆ ಏನೂ ಅರ್ಥವಾಗಲಿಲ್ಲ. ಭಾವನ ಮುಖ ಬಿಳಿಚಿತು. ಹಾರ್ನಿನ ಮೇಲೆ ಕೈಯಿಟ್ಟು ಮೂರು ಸಲ ಒತ್ತಿದರು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಬೊಬ್ಬೆಯಲ್ಲ, ಅಳುವವರಂತೆ ಕೂಗಿದರು:

"ಇದ್ದೇನೆ ಉಮ್ಮ! ಇದ್ದೇನೆ!"

ಉಮ್ಮ ಚಪ್ಪಲಿ ಹಾಕದೆ ರಸ್ತೆಯವರೆಗೆ ಬಂದರು. ಗಾಡಿಯಿಂದ ಇಳಿದ ಭಾವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದರು. ಹಣೆ ಮುಟ್ಟಿದರು, ಕಿವಿ ಮುಟ್ಟಿದರು, ನಂತರ ಕೆನ್ನೆಗೆ ಒಂದೇಟು ಕೊಟ್ಟರು. "ನಿನ್ನ ನಂಬರಿನಿಂದ ಬೇರೆ ಯಾರದೋ ಸ್ವರ ಮೋನೆ, ನನ್ನ ಮಗನೇ! ನನ್ನನ್ನು ಕೂರಿಸ್ಲಿಕ್ಕೆ ಹೇಳಿದ್ರಂತೆ! ಒಂದು ಮನೆಗೆ ಅಂಥ ಫೋನ್ ಎಷ್ಟು ಸಲ ಬರ್ಬೇಕು?"

ಭಾವ ನನ್ನ ಕಡೆಗೆ ತಿರುಗಿದರು. ನಾನು ಭೂಮಿಗೆ ಇಳಿದುಹೋದೆ. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದುಕೊಂಡೆ. ಅವರು ಉಮ್ಮನ ಕಡೆಗೆ ತಿರುಗಿ, "ಆ ಫೋನ್ ಹಾಳಾಗಿದೆ ಉಮ್ಮ. ಏನೇನೋ ಹೇಳ್ತದೆ. ಇವತ್ತೇ ಬಿಸಾಡ್ತೇನೆ" ಎಂದರು.

ಹಮೀದನ ತಂಗಿ ನನಗೆ ನೀರು ತಂದು ಕೊಟ್ಟರು. ಫೋನ್ ಎತ್ತಿದ್ದು ಅವರೇ. ತಪ್ಪಾಯಿತು ಎಂದೆ. ಅವರು ನೆಲ ನೋಡುತ್ತಾ ಹೇಳಿದರು: "ಅಣ್ಣ ಹೋದ ದಿವಸ ಫೋನ್ ಮಾಡಿದ್ದು ನಿಮ್ಮ ಭಾವನೇ. ಎತ್ತಿದ್ದು ಉಮ್ಮ. ಇವರ ಸ್ವರ ಕೇಳಿ ಉಮ್ಮನಿಗೆ ಖುಷಿಯೋ ಖುಷಿ. ಊಟ ಮಾಡಿದ್ಯಾ, ಬಾವಿ ತುಂಬಿದೆ, ನೀವಿಬ್ಬರು ಯಾವಾಗ ಬರುದು, ಅಂತ ಅರ್ಧ ಗಂಟೆ ಮಾತಾಡಿದ್ರು. ಇವರು ಎಲ್ಲದಕ್ಕೂ ಹ್ಞೂಂ ಹ್ಞೂಂ ಅಂದು ಇಟ್ಟುಬಿಟ್ರು. ಹೇಳ್ಲಿಕ್ಕಾಗ್ಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಪುನಃ ಮಾಡಿದ್ರು. ಆವಾಗ ಹೇಳಿದ್ದು. ಅದರ ನಂತರ ಯಾರ ಮನೆಗೂ ಫೋನ್ ಮಾಡುದಿಲ್ಲ ಅವರು. ಬಾಗಿಲಿಗೇ ಬರ್ತಾರೆ."

ಹನ್ನೆರಡು ವರ್ಷದಿಂದ ನಾನು ಈ ಮನುಷ್ಯನನ್ನು ನೋಡಿ ನಗುತ್ತಿದ್ದೇನೆ, ಸಿಡುಕುತ್ತಿದ್ದೇನೆ. ಅವರ ಬೊಬ್ಬೆಯನ್ನು ಅನುಕರಿಸಿ ತೋರಿಸಿ ಮದುವೆಮನೆಗಳಲ್ಲಿ ಜನರನ್ನು ನಗಿಸಿದ್ದೇನೆ. ಒಂದು ಸಲವಾದರೂ ಯಾಕೆ ಎಂದು ಸರಿಯಾಗಿ ಕೇಳಲಿಲ್ಲ. ನನಗೆ ನನ್ನ ಮೇಲೆ ಬಹಳ ನಾಚಿಕೆಯಾಯಿತು.

ಸಾವಿನ ಮನೆಯೆಂದು ಬಂದ ಅಷ್ಟೂ ಜನ ಏನು ಮಾಡುವುದೆಂದು ತಿಳಿಯದೆ ಕುರ್ಚಿಗಳಲ್ಲಿ ಕುಳಿತೇ ಇದ್ದರು. ಹಾಗೆ ಕಳಿಸಲಾಗುತ್ತದೆಯೇ? ಈ ಸಲ ಭಾವ ಹೇಳುವ ಮೊದಲು ನಾನೇ ಮೂರು ಜನರನ್ನು ಕರೆದು ಯಂತ್ರವನ್ನು ಇಳಿಸಿದೆ. ಹಾಟ್‌ಬಾಕ್ಸಿನಲ್ಲಿ ಉಳಿದಿದ್ದ ಇಪ್ಪತ್ತು ಉಂಡೆ ಸಣ್ಣಗೆ ಬಿಸಿ ಇತ್ತು. ಒಂದು ಬೆರಳು ಸಾಕೆಂದು ನಾನು ಮಾಡಿದ ಗುಂಡಿಯನ್ನು ಉಮ್ಮನ ಬೆರಳಿನಿಂದಲೇ ಒತ್ತಿಸಿದೆ. ಶಾವಿಗೆ ಇಳಿಯುವುದನ್ನು ನೋಡಿ ಅವರು ನಕ್ಕರು. ಹಮೀದನ ತಂಗಿ ತೆಂಗಿನ ಹಾಲಿಗೆ ಬೆಲ್ಲ ಹಾಕಿ ತಂದರು. ಅಳಲು ಬಂದವರು ಉಂಡು ಹೋದರು.

ಹನ್ನೊಂದಕ್ಕೆ ನನ್ನ ಫೋನ್ ರಿಂಗಾಯಿತು. ಕ್ಯಾಟರಿಂಗ್‌ನವರು. "ನಿಮ್ಮ ಸ್ಟಾಲಿನಲ್ಲಿ ಯಾರೋ ಜ್ಯೂಸಿನವರು ಇದ್ದಾರಲ್ರೀ! ಎಲ್ಲಿದ್ದೀರಿ? ಏನಾದರೂ ಅನಾಹುತ ಆಯ್ತಾ?"

ಅಂಗಳದ ತುದಿಯಲ್ಲಿ ಭಾವ ಎರಡನೆಯ ತಟ್ಟೆ ಹಿಡಿದು ಕುಳಿತಿದ್ದರು. ಉಮ್ಮ ಅವರ ಹಿಂದೆ ನಿಂತು, ಹೆಗಲಿನ ಮೇಲಿಟ್ಟ ಕೈಯನ್ನು ತೆಗೆದಿರಲಿಲ್ಲ.

"ಇಲ್ಲ, ಎಂತದೂ ಆಗಲಿಲ್ಲ" ಎಂದೆ.

ಆ ಹನ್ನೆರಡು ಯಂತ್ರದ ಮಾತು ಅಲ್ಲಿಗೆ ಮುಗಿಯಿತು. ಮರುದಿನ ಪ್ರದರ್ಶನದವರು ಕ್ಯಾಂಟೀನಿನ ಬಾಗಿಲ ಬಳಿ ಒಂದು ಮೂಲೆ ಕೊಟ್ಟರು, ಒಂದಿಬ್ಬರು ಹೋಟೆಲಿನವರು ವಿಚಾರಿಸಿದರು. ಅದು ಹಾಗಿರಲಿ.

ಮೊದಲ ದಿನ ಸಂಜೆ ನಾವು ಮೆಲ್ಕಾರಿಗೆ ಮರಳಿದಾಗ ಅಕ್ಕ ಗೇಟಿನ ಹತ್ತಿರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಭಾವನಂತೂ ಫೋನ್ ಮಾಡುವವರಲ್ಲ, ನಾನೂ ಮಾಡಿರಲಿಲ್ಲ. ಭಾವ ಗೇರ್ ಇಳಿಸುತ್ತಿದ್ದರು. ನಾನು ಪಕ್ಕದ ಸೀಟಿನಿಂದ ಕೈ ಚಾಚಿ, ಅವರಿಗಿಂತ ಮೊದಲು, ಮೂರು ಸಲ ಉದ್ದಕ್ಕೆ ಹಾರ್ನ್ ಒತ್ತಿದೆ.

"ಇದ್ದೇವೆ ಅಕ್ಕ" ಎಂದೆ, "ಇಬ್ಬರೂ ಇದ್ದೇವೆ."