ಗಾಳಿ ಬಂದರೂ ಒಪ್ಪದ ಮಾವ

ತಪ್ಪು ಎ.ಸಿ. ಕಂಪನಿಯದೇ. ಇದನ್ನು ಮೊದಲೇ ದಾಖಲಿಸಿಬಿಡುತ್ತೇನೆ. ನನ್ನ ಸೋದರಮಾವನ ಪ್ರತಾಪ ಕೇಳಿದ ಮೇಲೆ ನೀವು ಕಂಪನಿಯ ಪಕ್ಷ ಸೇರುವ ಅಪಾಯವಿದೆ!

ಗಂಗೊಳ್ಳಿಯ ಕಡಲಂಚಿನ ಮನೆಗೆ ಎ.ಸಿ. ಮಾರಿದವರು, ಎರಡನೆಯ ಬೇಸಿಗೆಗೇ ಗಾಳಿ ದೂಡುವ ಬ್ಲೋವರ್ ಮೋಟಾರು ನಿಂತಾಗ, "ಉಪ್ಪುಗಾಳಿ ತಾಗಿದೆ, ವಾರಂಟಿ ಅನ್ವಯಿಸದು" ಎಂದರು. ಗಂಗೊಳ್ಳಿಯಲ್ಲಿ ಮತ್ತೇನು ಸಕ್ಕರೆಗಾಳಿ ಬೀಸುತ್ತದೆಯೇ? ಪಾರ್ಶ್ವವಾಯು ಬಡಿದು ಮಲಗಿರುವ ಅತ್ತೆಯ ಬೆನ್ನು ಸೆಕೆಗೆ ಹುಣ್ಣಾಗದಿರಲೆಂದೇ ಆ ಯಂತ್ರ ಮನೆಗೆ ಬಂದದ್ದು.

ದುಡ್ಡು ಕೊಟ್ಟೇ ಹಾಕಿಸಿಕೊಳ್ಳುತ್ತೇವೆಂದರೂ ಮೋಟಾರು ಬರಲು ಹದಿನೈದು ದಿನ ಎಂದಿತು ಫೋನಿನ ಇಂಪಾದ ದನಿ. ಮೂವತ್ತು ವರ್ಷ ಮೀನುಗಾರಿಕೆ ಬೋಟಿನ ಇಂಜಿನ್ ನೋಡಿಕೊಂಡ ಮಾವ ಗುಡುಗಿದರು: "ಹ್ವಾಯ್, ನಡು ಕಡ್ಲಲ್ ಇಂಜಿನ್ ನಿಂತ್ರೆ ಹದ್ನೈದ್ ದಿನ ಅಲ್ಲೇ ಕೂಕಂಬುದಾ?"

ಕೂರಲಿಲ್ಲ, ತಾವೇ ಎ.ಸಿ. ಬಿಚ್ಚಿದರು. ಬೋಟಿನವರ ಶಾಸ್ತ್ರದಲ್ಲಿ ತಿರುಗುವ ವಸ್ತುಗಳ ಸಕಲ ರೋಗಕ್ಕೂ ಒಂದೇ ಔಷಧ: ಗ್ರೀಸು! ಹಿಡಿ ತುಂಬ ಬಳಿದು ಸ್ವಿಚ್ ಒತ್ತಿದರು. (ಅತ್ತೆಯನ್ನು ಮೊದಲೇ ಚಾವಡಿಗೆ ಸಾಗಿಸಿದ್ದು ಅವರ ಏಕೈಕ ಮುಂದಾಲೋಚನೆ.) ಮೋಟಾರು ತಿರುಗಿತು, ನಿಜ. ಅರ್ಧ ನಿಮಿಷ. ಅಷ್ಟರಲ್ಲಿ ಗ್ರೀಸು ಗೋಡೆಗೆ, ಕ್ಯಾಲೆಂಡರಿಗೆ, ನನ್ನ ಸತತ ದೂರುಗಳಿಗೆ ಮಣಿದು ಆಗಷ್ಟೇ ಒಳಬಂದ ಕಂಪನಿಯ ಮೆಕ್ಯಾನಿಕ್ಕನ ಬಿಳಿ ಅಂಗಿಗೆ ಪಕ್ಷಪಾತವಿಲ್ಲದೆ ಹಂಚಿಕೆಯಾಗಿತ್ತು! ಮಾವ ಆ ಅಂಗಿಯನ್ನು ಪರೀಕ್ಷಿಸಿ, "ಬೇಜಾರ್ ಮಾಡ್ಬೇಡಿ, ಇನ್ನ್ ನಿಮ್ಗೆ ತುಕ್ಕ್ ಹಿಡಿತಿಲ್ಲೆ" ಎಂದು ಸಮಾಧಾನಿಸಿದರು.

ಆತ ಮುಖ ಒರೆಸಿಕೊಂಡು, ಕಂಪನಿ ಕಳಿಸಿದ್ದ ಬೇರಾವುದೋ ಮಾದರಿಯ ಮೋಟಾರನ್ನು ಕೂರಿಸಿದ. ತಣ್ಣನೆಯ ಗಾಳಿ ಬಂತು. ಹಿಂದೆಯೇ ಗೊಂಯ್ ಎಂಬ ಸದ್ದೂ ಬಂತು. ಅತ್ತೆಯನ್ನು ಮರಳಿ ಮಲಗಿಸಿ, ಹಾಸಿಗೆಯ ಪಕ್ಕ ತಲೆ ವಾಲಿಸಿ ಸ್ವಲ್ಪ ಹೊತ್ತು ಕುಳಿತ ಮಾವ ಎದ್ದು ಬಂದರು.

"ಬಿಚ್ಚಿ ಮಾರಾಯ್ರೇ ಇದನ್ನ್."

"ಗಾಳಿ ಬತ್ತಲ್ದಾ? ಮತ್ತೆಂತ ಬೇಕ್ ನಿಮ್ಗೆ?" ಮೆಕ್ಯಾನಿಕ್ ನಕ್ಕ.

"ಶಬ್ದ ಬ್ಯಾಡ."

ನನಗೂ ನಗು ತಡೆಯಲಾಗಲಿಲ್ಲ. "ಬೋಟಿನ್ ಇಂಜಿನ್ ಪಕ್ಕವೇ ಮನ್ಕಂಡವ್ರಿಗೆ ಇದೊಂದ್ ಶಬ್ದವಾ ಮಾವ?"

ಮಾವ ನಗಲಿಲ್ಲ, ಎಡಗಿವಿ ಮುಟ್ಟಿ ತೋರಿಸಿದರು. "ಆ ಇಂಜಿನ್ ನನ್ ಒಂದ್ ಕೆಮಿ ತಿಂದ್ ಹಾಕ್ತ್, ಹೆಣೆ. ಉಳ್ದದ್ ಒಂದೇ. ನಿನ್ ಅತ್ತಿ ಸ್ವರ ಈಗ ಎಷ್ಟ್ ಸಣ್ಣ ಆಯ್ತ್ ಕಾಣ್. ಇದ್ ತಿರ್ಗುಕ್ ಹಿಡಿದ್ರೆ ಅವ್ಳ್ ಕರ್ದದ್ ನಂಗೆ ಕೇಂತಿಲ್ಲೆ."

ಮೋಟಾರನ್ನು ಬಿಚ್ಚಿದರೆ ಅತ್ತೆಗೆ ಸೆಕೆ. ಹಾಗಾಗಿ ಅದು ಅಲ್ಲೇ ಉಳಿದಿದೆ. ಅದು ತಿರುಗುವಷ್ಟು ಹೊತ್ತೂ ಮಾವ ಅತ್ತೆಯ ತುಟಿಗಳನ್ನೇ ನೋಡುತ್ತ ಕುಳಿತಿರುತ್ತಾರೆ.

ಆದುದರಿಂದ ಕಂಪನಿಯವರಲ್ಲಿ ನನ್ನ ವಿಧ್ಯುಕ್ತ ಕೋರಿಕೆ: ಆ ಯಂತ್ರದ ಸ್ವಂತ ಮಾದರಿಯ, ಸದ್ದಿಲ್ಲದ ಮೋಟಾರನ್ನು ಈ ವಾರದೊಳಗೆ ಅಳವಡಿಸತಕ್ಕದ್ದು. ಮಾರುವಾಗ ಹೇಳದ ಷರತ್ತನ್ನು ಕೆಟ್ಟಾಗ ಹೇಳಿದ್ದೇಕೆಂದು ಲಿಖಿತ ಉತ್ತರ ನೀಡತಕ್ಕದ್ದು. ದಯವಿಟ್ಟು ಫೋನ್ ಮಾಡಬೇಡಿ. ಮಾವನಿಗೆ ಉಳಿದಿರುವ ಒಂದು ಕಿವಿಗೆ ಬೇರೆ ಕೆಲಸವಿದೆ.